ಘಾಟಿ ಹತ್ತುವಾಗ ಗಾಡಿ ಹೀಟ್ ಆದರೆ ಏನು ಮಾಡ್ಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಶಿವಮೊಗ್ಗದಿಂದ:

ಅಮ್ಮನನ್ನು ಆಗಾಗ ಮಣಿಪಾಲದ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾಗುತ್ತೆ. ಆಗುಂಬೆ ಮೇಲೆ ಹೋಗಿ ಬರೋದು. ಹಳೇ ಡೀಸೆಲ್ ಕಾರು, ಮ್ಯಾನುಯಲ್ ಗೇರ್. ಕಳೆದ ಸಲ ವಾಪಸ್ ಬರುವಾಗ ಘಾಟಿ ಬುಡದ ಸೋಮೇಶ್ವರ ದಾಟಿ ಕೆಲವು ತಿರುವು ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಹೋಯ್ತು. ಎಸಿ ಫುಲ್ ಇತ್ತು. ನಿಲ್ಲಿಸಿದೆ. ಹಿಂದೆ ಬಂದ ಪಿಕಪ್‌ನವರು ‘ಹಗ್ಗ ಹಾಕಿ ಆಗುಂಬೆವರೆಗೆ ಎಳೀತೀನಿ’ ಅಂದ್ರು. ಇನ್ನೊಬ್ಬರು ‘ಮುಚ್ಚಳ ತೆಗೆದು ನೀರು ಹಾಕಿ, ಹೋಗ್ತಾ ಇರಿ’ ಅಂದ್ರು. ಎರಡೂ ಬೇಡ ಅನ್ನಿಸಿ ತುಂಬಾ ಹೊತ್ತು ಕೂತು, ಆಮೇಲೆ ಎಸಿ ಹಾಕದೆ ನಿಧಾನಕ್ಕೆ ಮೇಲೆ ಬಂದ್ವಿ. ಮುಂದಿನ ವಾರ ಮತ್ತೆ ಹೋಗೋದಿದೆ. ಎಸಿ ಹಾಕಬಹುದಾ? ಹೀಟ್ ಆದ್ರೆ ಮೊದಲು ಏನು ಮಾಡ್ಬೇಕು? ಹಗ್ಗ ಕಟ್ಟಿ ಎಳೆಸೋದು ಸರಿನಾ? ದಯವಿಟ್ಟು ತಿಳಿದವರು ಹೇಳಿ.

ತೀರ್ಥಹಳ್ಳಿಯಿಂದ, ಟ್ಯಾಕ್ಸಿ ಓಡಿಸುವವರು:

ನೀವು ನಿಲ್ಲಿಸಿದ್ದು ಸರಿ ಸರ್. ಮುಳ್ಳು ಮೇಲೆ ಹೋದಮೇಲೂ ‘ಇನ್ನು ನಾಲ್ಕು ತಿರುವು ತಾನೆ, ಹತ್ತಿಸಿಬಿಡೋಣ’ ಅಂತ ಓಡಿಸಿದವರ ಗಾಡಿಗಳೇ ಕೊನೆಗೆ ಇಂಜಿನ್ ಹೆಡ್ ಬಿಚ್ಚೋ ಕೆಲಸಕ್ಕೆ ಬರೋದು. ಅರ್ಧ ಗಂಟೆ ಉಳಿಸೋಕೆ ಹೋಗಿ ಇಂಜಿನ್ ಕಳ್ಕೊಂಡವರನ್ನು ಈ ದಾರಿಯಲ್ಲಿ ಬೇಕಾದಷ್ಟು ನೋಡಿದ್ದೀನಿ.

ಮುಳ್ಳು ಮಾಮೂಲಿ ಜಾಗ ಬಿಟ್ಟು ಏರ್ತಾ ಇದೆ ಅಂತ ಕಂಡ ಕೂಡಲೇ ಎಸಿ ಆಫ್ ಮಾಡಿ. ಆಮೇಲೆ ಬಿಸಿ ಗಾಳಿಯ ನಾಬ್ ಪೂರ್ತಿ ಕೆಂಪು ಕಡೆ ತಿರುಗಿಸಿ, ಫ್ಯಾನ್ ಫುಲ್ ಕೊಡಿ, ಕಿಟಕಿ ಎಲ್ಲ ಇಳಿಸಿ. ಹೀಟರ್‌ಗೆ ಬರೋದು ಇಂಜಿನ್ನಿನ ಬಿಸಿ ನೀರೇ. ಡ್ಯಾಶ್‌ಬೋರ್ಡ್ ಒಳಗೆ ಒಂದು ಸಣ್ಣ ರೇಡಿಯೇಟರ್ ಇರುತ್ತೆ, ಅದರ ಮೇಲೆ ಗಾಳಿ ಹಾಯಿಸಿದರೆ ಇಂಜಿನ್ನಿನ ಒಂದಷ್ಟು ಬಿಸಿ ಆ ದಾರಿಯಲ್ಲೂ ಹೊರಗೆ ಹೋಗುತ್ತೆ. ಸುರಕ್ಷಿತ ಜಾಗ ಸಿಗೋವರೆಗೆ ಒಂದೆರಡು ನಿಮಿಷಕ್ಕೆ ಇದು ದೊಡ್ಡ ಸಹಾಯ. ಇದನ್ನೇ ನೆಚ್ಚಿಕೊಂಡು ಘಾಟಿ ಪೂರ್ತಿ ಹತ್ತಬೇಡಿ.

ಜಾಗ ನೋಡಿ ನಿಲ್ಲಿಸಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು, ಎದುರಿಂದ ಬರೋ ಬಸ್ಸಿಗೆ ಇಡೀ ರಸ್ತೆ ಬೇಕು. ತಿರುವಿನಲ್ಲಿ ನಿಂತರೆ ನಿಮಗೂ ಅಪಾಯ, ಅವರಿಗೂ ಅಪಾಯ. ಎರಡು ತಿರುವಿನ ಮಧ್ಯೆ ನೇರ ಇರೋ ಕಡೆ, ಎಡಕ್ಕೆ ಒತ್ತಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್‌ಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಆ ಕಲ್ಲು ನಾನು ಡಿಕ್ಕಿಯಲ್ಲೇ ಇಟ್ಟುಕೊಂಡಿರ್ತೀನಿ. ಮಳೆಗಾಲದಲ್ಲಿ ರಸ್ತೆ ಬದಿ ಕಲ್ಲು ಹುಡುಕ್ತಾ ಚರಂಡಿಗೆ ಇಳಿಯೋ ಕೆಲಸ ಬೇಡ. ತ್ರಿಕೋನ ಬೋರ್ಡನ್ನು ಗಾಡಿ ಪಕ್ಕದಲ್ಲಿ ಇಡದೆ, ಕೆಳಗಿನ ತಿರುವಿನಿಂದ ಬರೋರಿಗೆ ಮೊದಲೇ ಕಾಣೋ ಹಾಗೆ ದೂರ ಇಡಿ.

ಹತ್ತುವಾಗ ಮೂರನೇ ಗೇರ್‌ನಲ್ಲಿ ಎಳೆಸಬೇಡಿ. ಎರಡಕ್ಕೆ ಬನ್ನಿ, ತಿರುವಿನಲ್ಲಿ ಬೇಕಾದರೆ ಒಂದಕ್ಕೆ ಬನ್ನಿ. ಇಂಜಿನ್ ಸದ್ದು ಜಾಸ್ತಿ ಆಯ್ತು ಅಂತ ಹೆದರೋದು ಬೇಡ. ನೀರು ತಿರುಗಿಸೋ ಪಂಪ್ ನಡೆಯೋದು ಇಂಜಿನ್ ತಿರುಗೋ ವೇಗದ ಮೇಲೆ. ದೊಡ್ಡ ಗೇರ್‌ನಲ್ಲಿ ಗುಡುಗುಡು ಅಂತ ಹತ್ತಿಸಿದರೆ ಇಂಜಿನ್ ಮೇಲೆ ಭಾರ ಜಾಸ್ತಿ, ನೀರಿನ ಓಟ ಕಮ್ಮಿ. ಮುಂದಿನಿಂದ ಗಾಳಿಯೂ ಸಾಲೋದಿಲ್ಲ.

ಶಿವಮೊಗ್ಗ ಆಟೋ ಕಾಂಪ್ಲೆಕ್ಸ್‌ನಿಂದ, ಮೆಕ್ಯಾನಿಕ್:

ನೀರು ಹಾಕಿ ಅಂದವರ ಮಾತಿಗೆ ನನ್ನ ಉತ್ತರ. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬಾರದು. ಬಟ್ಟೆ ಸುತ್ತಿಕೊಂಡು ತೆಗೀತೀನಿ ಅನ್ನೋದೂ ಬೇಡ. ರೇಡಿಯೇಟರ್ ಮುಚ್ಚಳ ಇರೋದು ಬರೀ ಮುಚ್ಚೋಕಲ್ಲ, ಒಳಗೆ ಒತ್ತಡ ಹಿಡಿದಿಡೋಕೆ. ಸುಮಾರು ಒಂದು ಬಾರ್ ಒತ್ತಡ ಇದ್ದರೆ ನೀರು 100 ಡಿಗ್ರಿ ದಾಟಿ 120ರ ಹತ್ತಿರದವರೆಗೆ ಕುದಿಯದೆ ಇರುತ್ತೆ. ಮುಚ್ಚಳ ಸಡಿಲ ಮಾಡಿದ ಕ್ಷಣ ಒತ್ತಡ ಹೋಗಿ ಆ ನೀರೆಲ್ಲ ಆವಿಯಾಗಿ ಮುಖಕ್ಕೆ ಹಾರುತ್ತೆ. ಮೊಣಕೈವರೆಗೆ ಚರ್ಮ ಸುಲಿದ ಕೈ ನೋಡಿದ್ದೀನಿ, ಆ ನೋವು ಯಾರಿಗೂ ಬೇಡ.

ನಿಲ್ಲಿಸಿದ ಮೇಲೆ ಇಂಜಿನ್ ಆಫ್ ಮಾಡಬೇಕಾ, ಬೇಡ್ವಾ ಅಂತ ಜನ ಕೇಳ್ತಾರೆ. ಆವಿ ಬರ್ತಾ ಇದ್ದರೆ, ಕೆಳಗೆ ನೀರು ಸೋರ್ತಾ ಇದ್ದರೆ, ಅಥವಾ ಮುಳ್ಳು ಕೆಂಪಿನಲ್ಲಿದ್ದರೆ ತಕ್ಷಣ ಆಫ್. ಇದು ಯಾವುದೂ ಇಲ್ಲ, ಮುಳ್ಳು ಸ್ವಲ್ಪ ಮೇಲಿದೆ, ಮುಂದಿನ ಫ್ಯಾನ್ ತಿರುಗ್ತಾ ಇದೆ ಅಂದ್ರೆ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ನೋಡಿ, ಇಳಿಯಬೇಕು. ಇಳಿಯದಿದ್ದರೆ ಆಫ್. ಆವಿ ಇದ್ದರೆ ಬಾನೆಟ್ ತಕ್ಷಣ ಎತ್ತಬೇಡಿ. ಒಳಗಿಂದ ಲಿವರ್ ಎಳೆದು ಬಿಡಿ, ಆವಿ ನಿಂತ ಮೇಲೆ ಎತ್ತಿ.

ಅರ್ಧ ಗಂಟೆಗಿಂತ ಮೊದಲು ಕೈ ಹಾಕಬೇಡಿ, ಮುಕ್ಕಾಲು ಗಂಟೆ ಆದರೆ ಇನ್ನೂ ಒಳ್ಳೆಯದು. ಮೇಲಿನ ದಪ್ಪ ಹೋಸ್ ಪೈಪ್ ಕೈಗೆ ಬಿಸಿ ಅನ್ನಿಸದಷ್ಟು ತಣಿದಿರಬೇಕು. ಆಮೇಲೆ ಪ್ಲಾಸ್ಟಿಕ್ ಡಬ್ಬದಲ್ಲಿ ಕೂಲೆಂಟ್ (ಇಂಜಿನ್ ತಣಿಸೋ ಬಣ್ಣದ ದ್ರವ) ಮಟ್ಟ ನೋಡಿ. ಕಮ್ಮಿ ಇದ್ದರೆ ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಕಾದ ಇಂಜಿನ್‌ಗೆ ತಣ್ಣೀರು ಒಮ್ಮೆಲೆ ಬಿದ್ದರೆ ಸಿಲಿಂಡರ್ ಹೆಡ್ ಬಿರುಕು ಬಿಡಬಹುದು. ತುರ್ತಿಗೆ ಕುಡಿಯೋ ನೀರು ಸಾಕು, ಆದರೆ ಊರಿಗೆ ಬಂದು ಸರಿಯಾದ ಕೂಲೆಂಟ್ ಹಾಕಿಸಿ.

ಇನ್ನೊಂದು ಮುಖ್ಯ ವಿಷಯ. ಮುಳ್ಳನ್ನೇ ಪೂರ್ತಿ ನಂಬಬೇಡಿ. ನೀರು ತೀರಾ ಕಮ್ಮಿ ಆದರೆ ಸೆನ್ಸರ್ ನೀರಿನಿಂದ ಹೊರಗೆ ಉಳಿದು ಮುಳ್ಳು ಕೆಳಗೇ ತೋರಿಸಬಹುದು. ಹೀಟರ್ ಹಾಕಿದರೂ ತಣ್ಣಗಿನ ಗಾಳಿ ಬರ್ತಾ ಇದೆ ಅಂದ್ರೆ ಒಳಗೆ ನೀರಿಲ್ಲ ಅಂತ ತಿಳ್ಕೊಳ್ಳಿ, ಅಲ್ಲೇ ನಿಲ್ಲಿಸಿ. ಸಿಹಿ ವಾಸನೆ ಬಂದರೆ ಕೂಲೆಂಟ್ ಸೋರ್ತಾ ಇದೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬರ್ತಾ ಇದ್ದರೆ, ಆಯಿಲ್ ಗೇಜ್ ಕಡ್ಡಿಯಲ್ಲಿ ಹಾಲು ಬೆರೆಸಿದ ಹಾಗೆ ಕಂಡರೆ ಹೆಡ್ ಕೆಳಗಿನ ಗ್ಯಾಸ್ಕೆಟ್ (ನೀರು, ಆಯಿಲ್ ಸೇರದ ಹಾಗೆ ತಡೆಯೋ ಪದರ) ಹೋಗಿದೆ ಅಂತ ತಿಳ್ಕೊಳ್ಳಿ. ಆಮೇಲೆ ಒಂದು ಮೀಟರ್ ಕೂಡ ಓಡಿಸಬೇಡಿ.

ನಿಮ್ಮ ಗಾಡಿಯಲ್ಲಿ ಎಸಿ ಹಾಕಿದಾಗ ಮಾತ್ರ ಏರ್ತು ಅನ್ನೋದು ನನಗೆ ಸುಳಿವು. ಎಸಿ ಕಂಡೆನ್ಸರ್ ಇರೋದು ರೇಡಿಯೇಟರ್ ಮುಂದೆ. ಅದರ ಬಿಸಿಯೆಲ್ಲ ರೇಡಿಯೇಟರ್ ಮೇಲೇ ಬರುತ್ತೆ. ಕಂಪ್ರೆಸರ್ ತಿರುಗಿಸೋ ಭಾರವೂ ಇಂಜಿನ್ ಮೇಲೆ. ಫ್ಯಾನ್ ಸರಿ ಇದ್ದರೆ ಇಷ್ಟನ್ನು ತಡ್ಕೊಳ್ಳುತ್ತೆ. ಹಾಗಾಗಿ ಹೋಗೋ ಮುಂಚೆ ಮನೆ ಎದುರೇ ಗಾಡಿ ಸ್ಟಾರ್ಟ್ ಮಾಡಿ, ಎಸಿ ಹಾಕಿ, ಫ್ಯಾನ್ ತಿರುಗುತ್ತಾ ಅಂತ ನೋಡಿ. ಫ್ಯೂಸ್, ರಿಲೇ, ವೈರ್ ಚೆಕ್ ಮಾಡಿಸಿ. ನಮ್ಮ ಕಡೆ ಕೊಟ್ಟಿಗೆ ಪಕ್ಕ, ಅಡಿಕೆ ಮನೆ ಪಕ್ಕ ನಿಲ್ಲಿಸೋ ಗಾಡಿಗಳಲ್ಲಿ ಇಲಿ ಕಡಿದ ಫ್ಯಾನ್ ವೈರ್ ಎಷ್ಟೋ ಸಲ ಸಿಕ್ಕಿದೆ. ಬಂಪರ್ ಹಿಂದೆ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಮಧ್ಯದ ಸಂದಿಯಲ್ಲಿ ದರಕು (ಒಣ ಎಲೆ), ಹುಳ, ಕೆಸರು ಸೇರಿ ಒಂದು ಪದರವೇ ಕಟ್ಟಿರುತ್ತೆ. ಮೇಲಿಂದ ನೋಡಿದರೆ ಕಾಣೋದಿಲ್ಲ, ಬಿಚ್ಚಿ ತೊಳೆಸಬೇಕು. ಥರ್ಮೋಸ್ಟಾಟ್, ವಾಟರ್ ಪಂಪ್, ಮುಚ್ಚಳದ ರಬ್ಬರ್ ಇವನ್ನೂ ಒಂದೇ ಸಲಕ್ಕೆ ನೋಡಿಸಿಬಿಡಿ.

ಕೇಳಿದವರು:

ತುಂಬಾ ಉಪಕಾರ ಆಯ್ತು. ಒಂದು ಸಂಶಯ. ಅಮ್ಮನಿಗೆ ತಿರುವಿನಲ್ಲಿ ವಾಂತಿ ಬರುತ್ತೆ, ಅದಕ್ಕೇ ಎಸಿ ಹಾಕೋದು. ಅಂಥದ್ರಲ್ಲಿ ಹೀಟರ್ ಹಾಕಿದರೆ ಅವರಿಗೆ ಇನ್ನೂ ಕಷ್ಟ ಅಲ್ವಾ?

ಸಾಗರದಿಂದ, ಶಿಕ್ಷಕಿ:

ನನ್ನ ಅತ್ತೆಯವರಿಗೂ ಇದೇ ತೊಂದರೆ. ಹೀಟರ್ ಹಾಕಲೇಬೇಕಾಗಿ ಬಂದರೆ ಗಾಳಿ ಮುಖಕ್ಕೆ ಬರೋ ಕಿಂಡಿಗಳನ್ನು ಮುಚ್ಚಿ, ಕಾಲಿನ ಕಡೆಗೂ ಮುಂದಿನ ಗಾಜಿಗೂ ತಿರುಗಿಸಿ. ಅವರ ಪಕ್ಕದ ಕಿಟಕಿ ಪೂರ್ತಿ ತೆಗೀರಿ. ನಿಲ್ಲಿಸಿದ ಕೂಡಲೇ ಮೊದಲು ಅಮ್ಮನನ್ನು ಎಡಬದಿಯಿಂದ ಇಳಿಸಿ, ಗಾಡಿಯಿಂದ ದೂರ ರಸ್ತೆ ಅಂಚಿಗೆ ಕರ್ಕೊಂಡು ಹೋಗಿ ಕೂರಿಸಿ. ಮಳೆಗಾಲ ಆದರೆ ಇಂಬಳ (ಜಿಗಣೆ) ಇರುತ್ತೆ, ಒಂದು ಮಡಚೋ ಸ್ಟೂಲು, ಕೊಡೆ ಗಾಡಿಯಲ್ಲಿರಲಿ. ವಾಂತಿಗೆ ಎಸಿಗಿಂತ ಮುಂದಿನ ಸೀಟು, ದೂರದ ರಸ್ತೆ ಮೇಲೆ ದೃಷ್ಟಿ, ಹೊರಗಿನ ಗಾಳಿ ಹೆಚ್ಚು ಕೆಲಸ ಮಾಡುತ್ತೆ ಅನ್ನೋದು ನಮ್ಮ ಮನೆಯ ಅನುಭವ. ಹೆಬ್ರಿ, ಸೋಮೇಶ್ವರದವರೆಗೆ ಎಸಿ ಹಾಕ್ಕೊಂಡು ಬನ್ನಿ, ಘಾಟಿ ಬುಡದಲ್ಲಿ ಆಫ್ ಮಾಡಿ ಕಿಟಕಿ ಇಳಿಸಿ. ಕಾಡಿನ ಗಾಳಿ ಹೇಗೂ ತಂಪಾಗಿರುತ್ತೆ.

ಆದರೆ ಮಳೆಯಲ್ಲಿ ಈ ಮಾತು ನಡೆಯೋದಿಲ್ಲ. ಜೋರು ಮಳೆಯಲ್ಲಿ ಕಿಟಕಿ ಮುಚ್ಚಿದರೆ ಗಾಜಿನ ಒಳಗೆ ಮಂಜು ಕಟ್ಟಿ ರಸ್ತೆಯೇ ಕಾಣೋದಿಲ್ಲ. ಬಟ್ಟೆಯಲ್ಲಿ ಒರೆಸ್ತಾ ಓಡಿಸೋರನ್ನು ನೋಡಿದರೆ ಭಯ ಆಗುತ್ತೆ ನನಗೆ. ಆಗ ಎಸಿ ಬೇಕೇ ಬೇಕು, ಯಾಕಂದ್ರೆ ಎಸಿ ಗಾಳಿಯ ತೇವ ಹೀರಿ ತೆಗೆಯುತ್ತೆ. ಎಸಿ ಆನ್, ನಾಬ್ ಸ್ವಲ್ಪ ಬಿಸಿ ಕಡೆ, ಗಾಳಿ ಮುಂದಿನ ಗಾಜಿಗೆ, ಒಳಗಿನ ಗಾಳಿಯೇ ಸುತ್ತುವ ಬಟನ್ ಆಫ್ ಇರಬೇಕು. ಅದು ಆನ್ ಇದ್ದರೆ ನಮ್ಮ ಉಸಿರಿನ ತೇವವೇ ಮತ್ತೆ ಮತ್ತೆ ಸುತ್ತುತ್ತೆ. ಮಂಜು ಗಾಜಿನ ಹೊರಗೆ ಕಟ್ಟಿದ್ದರೆ ಎಸಿ ತುಂಬಾ ತಣ್ಣಗಿದೆ ಅಂತ ಅರ್ಥ, ವೈಪರ್ ಹಾಕಿ, ತಂಪು ಕಮ್ಮಿ ಮಾಡಿ. ಒಳಗಿನ ಗಾಳಿಯ ಬಟನ್ನು ಲಾರಿ ಹಿಂದೆ ಧೂಳು, ಹೊಗೆ ಇದ್ದಾಗ ಸ್ವಲ್ಪ ಹೊತ್ತಿಗೆ ಮಾತ್ರ.

ಹೊಸನಗರದಿಂದ, ಜೀಪು ಇಟ್ಟುಕೊಂಡವರು:

ಹಗ್ಗದ ವಿಷಯ ನಾನು ಹೇಳ್ತೀನಿ. ಹುಲಿಕಲ್ ಘಾಟಿ ಕಡೆ ಗಾಡಿ ನಿಂತರೆ ಜನ ನಮ್ಮನ್ನೇ ಕರೆಯೋದು. ಕೆಸರಲ್ಲಿ ಹೂತ ಗಾಡಿ ಎಳೀತೀನಿ, ಸಮತಟ್ಟು ರಸ್ತೆಯಲ್ಲಿ ಹತ್ತಿರದ ಗ್ಯಾರೇಜಿಗೆ ಎಳೀತೀನಿ. ಘಾಟಿಯಲ್ಲಿ ಹಗ್ಗ ಕಟ್ಟಿ ಎಳೆಯೋಕೆ ಮಾತ್ರ ಯಾರು ಕೇಳಿದರೂ ಒಪ್ಪೋದಿಲ್ಲ. ಆ ಪಿಕಪ್‌ನವರ ಮನಸ್ಸು ಒಳ್ಳೆಯದೇ, ಆದರೂ ನೀವು ಬೇಡ ಅಂದದ್ದು ಒಳ್ಳೆಯದಾಯ್ತು.

ಯಾಕೆ ಅಂತ ಕೇಳಿ. ಇಂಜಿನ್ ಬಂದ್ ಆದ ಗಾಡಿಗೆ ಬ್ರೇಕ್ ಬೂಸ್ಟರ್ ಸಹಾಯ ಇಲ್ಲ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಆಗುತ್ತೆ, ಇಡೀ ಮೈ ಭಾರ ಹಾಕಿ ತುಳಿಯಬೇಕು. ಸ್ಟೇರಿಂಗೂ ಬಿಗಿ. ಹೇರ್‌ಪಿನ್‌ನಲ್ಲಿ ಮುಂದಿನ ಗಾಡಿ ತಿರುಗಿ ಮೇಲೆ ಹೋಗಿರುತ್ತೆ, ಹಗ್ಗ ನೇರ ದಾರಿ ಹಿಡಿದು ಹಿಂದಿನ ಗಾಡಿಯನ್ನು ತಿರುವಿನ ಒಳಮಗ್ಗುಲಿಗೆ ಎಳೆಯುತ್ತೆ. ಅಲ್ಲಿ ಚರಂಡಿ ಅಥವಾ ಧರೆ. ಹತ್ತುವಾಗ ಹಗ್ಗ ತುಂಡಾದರೆ ಗಾಡಿ ಹಿಂದಕ್ಕೆ, ಇಳಿಯುವಾಗ ಎಳೆಯೋ ಗಾಡಿಯ ಬೆನ್ನಿಗೆ. ಘಾಟಿಯಲ್ಲಿ ಲಾರಿ ಮೇಲೆ ಹತ್ತಿಸಿಕೊಂಡು ಹೋಗೋ ಫ್ಲಾಟ್‌ಬೆಡ್ಡೇ ಆಗಬೇಕು, ಎಷ್ಟೇ ಹೊತ್ತು ಕಾಯಬೇಕಾದರೂ ಸರಿ.

ಸಮತಟ್ಟಿನಲ್ಲಿ ಸ್ವಲ್ಪ ದೂರ ಎಳೆಸೋದಾದರೆ ಹೀಗೆ ಮಾಡಿ. ಸ್ಟೆಪ್ನಿ ಜೊತೆ ಟೂಲ್ ಕಿಟ್‌ನಲ್ಲಿ ಒಂದು ಕಬ್ಬಿಣದ ಕೊಕ್ಕೆ ಇರುತ್ತೆ. ಬಂಪರಿನ ಚಿಕ್ಕ ಚೌಕದ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಕೊನೆವರೆಗೂ ಬಿಗಿ ಮಾಡಬೇಕು. ಕೆಲವು ಗಾಡಿಗೆ ಎಡಮರೆ ಇರುತ್ತೆ, ಅಂದ್ರೆ ಎಡಕ್ಕೆ ತಿರುಗಿಸಿದರೆ ಬಿಗಿ ಆಗುತ್ತೆ, ಮನೆಯಲ್ಲೇ ಒಮ್ಮೆ ಹಾಕಿ ನೋಡಿಟ್ಟುಕೊಳ್ಳಿ. ಬಂಪರಿಗೆ, ಸಸ್ಪೆನ್ಷನ್ ಆರ್ಮ್‌ಗೆ ಹಗ್ಗ ಕಟ್ಟಲೇಬಾರದು. ಸರಪಳಿಗಿಂತ ಟೋಯಿಂಗ್ ಬೆಲ್ಟ್ ವಾಸಿ, ಜಗ್ಗಿದಾಗ ಸ್ವಲ್ಪ ಹಿಗ್ಗಿ ಕೊಡುತ್ತೆ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ. ತುಂಡಾದರೆ ಅದು ಭಾರಕ್ಕೆ ಕೆಳಗೆ ಬೀಳುತ್ತೆ, ಇಲ್ಲದಿದ್ದರೆ ಚಾವಟಿ ಬೀಸಿದ ಹಾಗೆ ಬಂದು ಗಾಜು ಒಡೆಯುತ್ತೆ. ಎರಡು ಗಾಡಿ ಮಧ್ಯೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರ ಸುಳಿಯಬಾರದು.

ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇದ್ದವರೇ ಕೂತಿರಬೇಕು, ಎರಡು ಗಾಡಿ ನಡುವಿನ ಅಂತರ ಐದು ಮೀಟರ್ ಮೀರಬಾರದು, ಇದು ಕಾನೂನು. ಕೀ ಆನ್‌ನಲ್ಲಿರಲಿ, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಆಗುತ್ತೆ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಇಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಮುಂದಿನವರು ಫಸ್ಟ್ ಗೇರ್‌ನಲ್ಲಿ ಹಗ್ಗ ಬಿಗಿ ಆಗೋವರೆಗೆ ತೆವಳಬೇಕು, ಆಮೇಲೆ ಎಳೆಯಬೇಕು. ಒಮ್ಮೆಲೆ ಜಗ್ಗಿದರೆ ಕೊಕ್ಕೆ ಕಿತ್ತು ಬರುತ್ತೆ. 20 ಕಿ.ಮೀ. ವೇಗ ಸಾಕು. ಹಾರನ್ ಒಂದು ಸಲ ಅಂದ್ರೆ ನಿಧಾನ, ಎರಡು ಸಲ ಅಂದ್ರೆ ನಿಲ್ಲಿಸು ಅಂತ ಮೊದಲೇ ಮಾತಾಡ್ಕೊಳ್ಳಿ.

ಆಟೊಮ್ಯಾಟಿಕ್ ಗೇರ್ ಗಾಡಿ ಇದ್ದವರು ಇದನ್ನು ಯಾವುದನ್ನೂ ಮಾಡಬೇಡಿ. ಇಂಜಿನ್ ನಿಂತರೆ ಬಹುಪಾಲು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳಲ್ಲಿ ಆಯಿಲ್ ಓಡೋದಿಲ್ಲ, ಚಕ್ರ ತಿರುಗಿಸ್ತಾ ಎಳೆದರೆ ಒಳಗೆ ಸುಟ್ಟು ಹೋಗುತ್ತೆ. ಎಲೆಕ್ಟ್ರಿಕ್ ಗಾಡಿಗೂ ಫ್ಲಾಟ್‌ಬೆಡ್ಡೇ.

ಶಿವಮೊಗ್ಗದಿಂದ ಇನ್ನೊಬ್ಬರು:

ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ, ಎಷ್ಟು ಕಿ.ಮೀ.ವರೆಗೆ ಉಚಿತ ಅಂತ ಈಗಲೇ ಪಾಲಿಸಿ ತೆಗೆದು ನೋಡಿ. ನಂಬರನ್ನು ಚೀಟಿಯಲ್ಲಿ ಬರೆದು ಗಾಡಿಯಲ್ಲಿಡಿ. ಘಾಟಿಯ ಎಷ್ಟೋ ಕಡೆ ನೆಟ್‌ವರ್ಕ್ ಇರೋದಿಲ್ಲ, ದಾರಿಹೋಕರ ಕೈಯಲ್ಲಿ ಚೀಟಿ ಕೊಟ್ಟು ಫೋನ್ ಮಾಡಿಸಬಹುದು. ಆಗುಂಬೆ ರಸ್ತೆ ರಾಷ್ಟ್ರೀಯ ಹೆದ್ದಾರಿ 169ಎ, ಹೆದ್ದಾರಿ ಸಹಾಯವಾಣಿ 1033. ಅಮ್ಮನಿಗೆ ಹುಷಾರಿಲ್ಲ ಅನ್ನಿಸಿದರೆ ಯೋಚನೆ ಮಾಡದೆ 112. ಗಾಡಿ ಲಾರಿಗೆ ಹತ್ತಿಸೋ ಮುಂಚೆ ನಾಲ್ಕೂ ಕಡೆ ಫೋಟೋ ತೆಗೆದಿಡಿ, ಆಸ್ಪತ್ರೆ ಫೈಲು, ಔಷಧಿ ಚೀಲ ಮೊದಲು ಇಳಿಸಿಕೊಳ್ಳಿ.

ಕೇಳಿದವರು:

ಇವತ್ತು ಗ್ಯಾರೇಜಿಗೆ ಬಿಟ್ಟಿದ್ದೆ. ಫ್ಯಾನ್ ಒಂದು ಸ್ಪೀಡ್‌ನಲ್ಲಿ ಮಾತ್ರ ತಿರುಗ್ತಾ ಇತ್ತು, ಎಸಿ ಹಾಕಿದರೂ ಜೋರಾಗ್ತಾ ಇರಲಿಲ್ಲ. ಕಂಡೆನ್ಸರ್ ಹಿಂದೆ ದರಕು, ಕೆಸರು ಗಟ್ಟಿಯಾಗಿ ಕೂತಿತ್ತು. ರಿಲೇ ಬದಲಾಯಿಸಿ, ತೊಳೆದು, ಕೂಲೆಂಟ್ ಹೊಸದು ಹಾಕಿದ್ದಾರೆ. ಹಾಗಾದ್ರೆ ಇನ್ನು ಘಾಟಿಯಲ್ಲಿ ಎಸಿ ಹಾಕಬಹುದಾ?

ತೀರ್ಥಹಳ್ಳಿಯಿಂದ, ಟ್ಯಾಕ್ಸಿ ಓಡಿಸುವವರು:

ಮೊದಲ ಸಲ ಬೇಡ ಸರ್. ಎಸಿ ಇಲ್ಲದೆ ಸೋಮೇಶ್ವರದಿಂದ ಮೇಲಕ್ಕೆ ಬನ್ನಿ, ಮುಳ್ಳು ಎಲ್ಲಿ ನಿಲ್ಲುತ್ತೆ ನೋಡಿಟ್ಟುಕೊಳ್ಳಿ. ಅದು ಮಾಮೂಲಿ ಜಾಗದಲ್ಲೇ ಇದ್ದರೆ ಅದರ ಮುಂದಿನ ಸಲ ಹಾಕಿ ನೋಡಿ. ಹೋಗುವಾಗ ಆಗುಂಬೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಗಾಡಿ ಕೆಳಗೆ ನೀರು ತೊಟ್ಟಿಕ್ಕಿದೆಯಾ ಬಗ್ಗಿ ನೋಡಿ. ಎಸಿಯಿಂದ ಬೀಳೋ ನೀರು ತಿಳಿಯಾಗಿರುತ್ತೆ, ಕೂಲೆಂಟ್ ಆದರೆ ಬಣ್ಣ ಇರುತ್ತೆ, ಬೆರಳಿಗೆ ಜಾರುತ್ತೆ. ಇಳಿಯುವಾಗ ಎರಡನೇ ಗೇರ್, ನ್ಯೂಟ್ರಲ್ ಬೇಡವೇ ಬೇಡ. ಐದು ಲೀಟರ್ ನೀರಿನ ಕ್ಯಾನು, ಕಲ್ಲು, ಟಾರ್ಚು ಡಿಕ್ಕಿಯಲ್ಲಿರಲಿ. ಅಮ್ಮನಿಗೆ ಬೇಗ ಗುಣ ಆಗಲಿ.