ಆದಿಕಾಂಡ 6:6ರಲ್ಲಿ ದೇವರು ಪಶ್ಚಾತ್ತಾಪ ಪಟ್ಟಿದ್ದು ಯಾಕೆ? ಹೀಬ್ರೂ ಗೊತ್ತಿರೋರು ಹೇಳಿ

ಪ್ರಶ್ನೆ: ಸರ್ ನಮಸ್ತೆ, ಭಾನುವಾರ ಬೈಬಲ್ ಸ್ಟಡಿಲಿ ಸಿಕ್ಕಾಕೊಂಡೆ. ದೇವರು ಮನುಷ್ಯರನ್ನ ಉಂಟುಮಾಡಿದ್ದಕ್ಕೆ ಪಶ್ಚಾತ್ತಾಪ ಪಟ್ಟ ಅಂತ ಓದ್ತಿದ್ವಿ, ಒಬ್ಬ ಹುಡುಗ ಎದ್ದು ತಪ್ಪು ಮಾಡಿದೋರು ತಾನೇ ಪಶ್ಚಾತ್ತಾಪ ಪಡೋದು, ದೇವರೇನ್ ತಪ್ಪು ಮಾಡ್ದ ಅಂದ. ಬಾಯಿ ಕಟ್ಟೋಯ್ತು. ಮೂಲದಲ್ಲಿ ಯಾವ ಪದ ಇದೆ?

ಉತ್ತರ (ಹೀಬ್ರೂ ಮೇಷ್ಟ್ರು): ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದಾನೆ ಬಿಡಿ. ಅಲ್ಲಿರೋದು ನ-ಹ-ಮ ಅನ್ನೋ ಮೂರಕ್ಷರದ ಧಾತು, ವಾಕ್ಯದಲ್ಲಿ "ವಯಿನ್ನಾಹೆಮ್" ಅಂತ ಬರತ್ತೆ. ಇದು ಪಾಪಿಗಳ ಪಶ್ಚಾತ್ತಾಪದ ಮಾಮೂಲಿ ಪದ ಅಲ್ಲ, ಅದಕ್ಕೆ ಹೆಚ್ಚಾಗಿ "ಶೂವ್" ಬಳಸ್ತಾರೆ, ಅಂದ್ರೆ ತಿರುಗೋದು, ಹೋಗ್ತಿದ್ದ ದಾರಿಯಿಂದ ವಾಪಸ್ ಬರೋದು. ಯೋನ 3:10 ತೆಗೀರಿ, ಒಂದೇ ವಚನದಲ್ಲಿ ಎರಡೂ ಇವೆ: ನಿನೆವೆಯವರು ಕೆಟ್ಟ ದಾರಿ ಬಿಟ್ಟು ತಿರುಗಿದ್ದು ಶೂವ್, ಅದನ್ನ ನೋಡಿ ದೇವರು ಮಾಡ್ತೀನಿ ಅಂದಿದ್ದ ಕೇಡನ್ನ ಮಾಡದೆ ಬಿಟ್ಟಿದ್ದು ನಹಮ್.

ಇನ್ನೊಂದು ಮಜಾ ಏನಂದ್ರೆ ಇದೇ ಧಾತುವಿನ ಪಿಯೇಲ್ ರೂಪಕ್ಕೆ (ಹೀಬ್ರೂ ಕ್ರಿಯಾಪದದ ಒಂದು ರೂಪ, ಇಲ್ಲಿ ಇನ್ನೊಬ್ಬರಿಗೆ ಮಾಡೋದು) ಸಂತೈಸು ಅಂತ ಅರ್ಥ, ಯೆಶಾಯ 40:1ರ "ಸಂತೈಸಿರಿ, ಸಂತೈಸಿರಿ" ಅನ್ನೋದು "ನಹಮೂ ನಹಮೂ", ನಹೂಮ, ನೆಹೆಮೀಯ, ಮೆನಹೇಮ ಎಲ್ಲಾ ಹೆಸರೂ ಅಲ್ಲಿಂದಾನೇ ಬಂದಿದ್ದು. 6:6ರಲ್ಲಿರೋದು ನಿಫಾಲ್ ರೂಪ, ಒಳಗೆ ತನಗೇ ಆಗೋದು. ತಾಯಿ ತೀರಿಕೊಂಡ ಮೇಲೆ ಇಸಾಕನಿಗೆ ಸಮಾಧಾನ ಆಯ್ತು ಅನ್ನೋ ಕಡೆನೂ (ಆದಿ 24:67) ಅಕ್ಷರ ಅಕ್ಷರಕ್ಕೂ ಇದೇ ವಯಿನ್ನಾಹೆಮ್! ಒಂದು ಕಡೆ ನೋವು, ಇನ್ನೊಂದು ಕಡೆ ನೋವು ಆರಿದ್ದು, ಎರಡರಲ್ಲೂ ಮನಸ್ಸು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳತ್ತೆ. ನನ್ನ ಕೇಳಿದ್ರೆ 6:6ಕ್ಕೆ ನಮ್ಮ "ಮರುಗು" ಪದಾನೇ ಹತ್ತಿರ, ಮರುಗೋಕೆ ತಪ್ಪು ಮಾಡಿರ್ಬೇಕು ಅಂತೇನಿಲ್ವಲ್ಲ. ಹಳೇ ಗ್ರೀಕ್ ಅನುವಾದದೋರಿಗೂ ಇಲ್ಲಿ ಮುಜುಗರ ಆಗಿರ್ಬೇಕು, ಅವರು ದೇವರು "ಯೋಚಿಸಿದ" ಅನ್ನೋ ಥರ ಬರೆದು ಜಾರ್ಕೊಂಡಿದಾರೆ.

ಪ್ರಶ್ನೆ: ಮತ್ತೆ 1 ಸಮುವೇಲ 15:29ರಲ್ಲಿ ದೇವರು ಪಶ್ಚಾತ್ತಾಪ ಪಡೋದಿಲ್ಲ ಅಂತ ಇದ್ಯಲ್ಲ?

ಉತ್ತರ: ಅದೂ ಇದೇ ನಹಮ್. ಅದೇ ಅಧ್ಯಾಯದ 11 ಮತ್ತು 35ರಲ್ಲಿ ಸೌಲನ್ನ ರಾಜ ಮಾಡಿದ್ದಕ್ಕೆ ದೇವರು ಮರುಗಿದ ಅಂತಾನೂ ಇದೆ, ಬರೆದೋನು ನಿದ್ದೆಗಣ್ಣಲ್ಲಿ ಬರೆದಿಲ್ಲ. 29ರಲ್ಲಿ ಪಕ್ಕದ ಪದ ನೋಡಿ, "ಸುಳ್ಳಾಡುವುದಿಲ್ಲ" ಅಂತ ಇದೆ, ಬಿಳಾಮ ಬಾಲಾಕನಿಗೆ ಹೇಳೋ ಅರಣ್ಯಕಾಂಡ 23:19ರಲ್ಲೂ ಹಂಗೇ. ಸುಳ್ಳಿನ ಜೋಡಿಯಾಗಿ ಬಂದಾಗ ಅದು ಕೊಟ್ಟ ಮಾತಿಂದ ಜಾರೋದು. ಸೌಲ ಪ್ರವಾದಿ ಸಮುವೇಲನ ಬಟ್ಟೆ ಹಿಡ್ಕೊಂಡು ಎಳೆದ ಅಂತ ಅವನ ರಾಜ್ಯ ಕಿತ್ಕೊಳ್ಳೋ ತೀರ್ಪು ಬದಲಾಗಲ್ಲ, ಆದ್ರೆ ಆ ತೀರ್ಪು ಕೊಡೋವಾಗ ನೋವೇ ಆಗ್ಲಿಲ್ಲ ಅಂತಲ್ಲ.

ಇನ್ನೊಬ್ಬರು: ಅಂದ್ರೆ ಸಮಾಧಾನದ ಅರ್ಥ ಬಂದಾಗೆಲ್ಲ ಒಳ್ಳೇದೇ ಅಲ್ವಾ ಸರ್?

ಉತ್ತರ: ಇಲ್ಲ, ಆದಿ 27:42 ನೋಡಿ. ಏಸಾವ ತನ್ನ ತಮ್ಮ ಯಾಕೋಬನ್ನ ಕೊಲ್ತೀನಿ ಅನ್ಕೊಂಡೇ ಸಮಾಧಾನ ಮಾಡ್ಕೊಳ್ತಿದಾನೆ, ಅಲ್ಲೂ ಇದೇ ಧಾತು.