ಲೇಸರ್ ರೋಮನಿವಾರಣೆ: ಮರಗಟ್ಟಿಸುವ ಮುಲಾಮನ್ನು ಮನೆಯಲ್ಲೇ ಹಚ್ಚಿಕೊಂಡು ಹೊರಡಬಹುದೇ?

ಪ್ರಶ್ನೆ (ಬದಿಯಡ್ಕದಿಂದ)

ಪಿಸಿಓಡಿ ಎಂಬ ಅಂಡಾಶಯದ ಹಾರ್ಮೋನು ತೊಂದರೆಯಿಂದಾಗಿ ಗದ್ದ ಹಾಗೂ ಮೇಲ್ತುಟಿಯಲ್ಲಿ ದಪ್ಪ ಕೂದಲು ಬೆಳೆಯುತ್ತಿರುವುದರಿಂದ ಮಂಗಳೂರಿನಲ್ಲಿ ಲೇಸರ್ ಚಿಕಿತ್ಸೆ ಆರಂಭಿಸಿದ್ದೇನೆ. ಗದ್ದದ ನೋವನ್ನು ಹೇಗೋ ತಡೆದುಕೊಂಡೆ. ಮೇಲ್ತುಟಿಗೆ ಬಂದಾಗ ಮಾತ್ರ ಕಣ್ಣಲ್ಲಿ ನೀರಾಡಿ ನಡುವೆ ನಿಲ್ಲಿಸಬೇಕಾಯಿತು. ಮುಂದಿನ ಬಾರಿ ಕಾಲುಗಳಿಗೂ ಮಾಡಿಸುವ ಯೋಚನೆಯಿದೆ. ಮರಗಟ್ಟಿಸುವ ಮುಲಾಮನ್ನು ಮನೆಯಲ್ಲೇ ಹಚ್ಚಿ, ಪ್ಲಾಸ್ಟಿಕ್ ಸುತ್ತಿಕೊಂಡು ಬಸ್ಸು ಹತ್ತಿದರೆ ತಲಪುವಷ್ಟರಲ್ಲಿ ಚರ್ಮ ಜಡವಾಗಿರುತ್ತದೆ, ಕ್ಲಿನಿಕ್ಕಿನಲ್ಲಿ ಕಾಯುವ ಹೊತ್ತೂ ಉಳಿಯುತ್ತದೆ ಎಂದು ಗೆಳತಿ ಹೇಳುತ್ತಾಳೆ. ಹೀಗೆ ಮಾಡಬಹುದೇ?

ಉತ್ತರ (ಉಪ್ಪಳದ ಔಷಧ ವ್ಯಾಪಾರಿ)

ದಯವಿಟ್ಟು ಹಾಗೆ ಮಾಡಬೇಡಿ. ಟ್ಯೂಬು ಒಂದೇ ಆದರೂ ಮೇಲ್ತುಟಿಗೆ ಹಚ್ಚುವುದಕ್ಕೂ ಎರಡು ಕಾಲುಗಳಿಗೆ ಬಳಿಯುವುದಕ್ಕೂ ಅಜಗಜಾಂತರವಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮುಲಾಮಿನಲ್ಲಿ ಲಿಡೊಕೇನ್ ಮತ್ತು ಪ್ರಿಲೊಕೇನ್ ಎಂಬ ಮರಗಟ್ಟಿಸುವ ಔಷಧಗಳು ತಲಾ ಶೇಕಡಾ 2.5ರಷ್ಟಿದ್ದು, ಅವು ಚರ್ಮವನ್ನು ದಾಟಿ ರಕ್ತಕ್ಕೂ ಸೇರುತ್ತವೆ. ಹಚ್ಚಿದ ಜಾಗ ವಿಶಾಲವಾದಷ್ಟೂ, ಇಟ್ಟ ಹೊತ್ತು ಹೆಚ್ಚಾದಷ್ಟೂ ಸೇರುವ ಪ್ರಮಾಣ ಏರುತ್ತದೆ. ಪ್ಲಾಸ್ಟಿಕ್ ಸುತ್ತಿದರೆ, ಚರ್ಮ ಬಿಸಿಯಾದರೆ, ಬ್ಲೇಡಿನಿಂದ ತರಚಿದ್ದರೆ ಇನ್ನಷ್ಟು. ಲೇಸರ್ ರೋಮನಿವಾರಣೆಗೆಂದು ಕಾಲುಗಳಿಗೆ ಇಂಥ ಮುಲಾಮು ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡಿದ್ದ ಇಬ್ಬರು ಯುವತಿಯರು ಸೆಳೆತ ಬಂದು, ಪ್ರಜ್ಞೆ ತಪ್ಪಿ ಮೃತಪಟ್ಟ ಪ್ರಕರಣಗಳನ್ನು ಉಲ್ಲೇಖಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2007ರಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿತ್ತು. ಅವರು ಬಳಸಿದ್ದು ಔಷಧಾಲಯದಲ್ಲೇ ಬೆರೆಸಿಕೊಟ್ಟ, ಹೆಚ್ಚು ತೀಕ್ಷ್ಣವಾದ ಮುಲಾಮು ಎಂಬುದು ನಿಜ. ಆದರೂ ನಮ್ಮ ಸೆಖೆಯಲ್ಲಿ, ನಿಂತೇ ಹೋಗಬೇಕಾದ ಬಸ್ಸಿನಲ್ಲಿ, ತಲಪಾಡಿಯ ಹತ್ತಿರ ವಾಹನಗಳ ಸಾಲು ನಿಂತುಬಿಟ್ಟರೆ ಒಂದು ಗಂಟೆಯೆಂದು ಎಣಿಸಿದ್ದು ಎರಡಾಗುತ್ತದೆ. ಆಗ ತಲೆಸುತ್ತು ಬಂದರೆ ಗುರುತಿಸುವವರು ಯಾರು? ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ ಪ್ರಿಲೊಕೇನ್‌ನಿಂದ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿ ಕುಂದುವ ಅಪಾಯ ಹೆಚ್ಚು. ತುಟಿ, ಉಗುರು ನೀಲಿಗಟ್ಟುವುದು ಅದರ ಲಕ್ಷಣ.

ಉತ್ತರ (ಕುಂಬಳೆಯಿಂದ, ಚಿಕಿತ್ಸೆ ಮುಗಿಸಿದವಳು)

ಅಕ್ಕ, ಮೇಲ್ತುಟಿಗೆ ಮಾತ್ರ ಕ್ಲಿನಿಕ್ಕಿನಲ್ಲೇ, ಅವರ ಕೈಯಿಂದಲೇ ಮುಲಾಮು ಹಚ್ಚಿಸಿಕೊಳ್ಳಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಾಯಲೇಬೇಕು; ಹತ್ತು ನಿಮಿಷಕ್ಕೆ ಒರೆಸಿದರೆ ಹಚ್ಚಿದ್ದೂ ದಂಡ. ಕಾಲುಗಳಿಗೆ ನನಗೆ ತಂಪೇ ಸಾಕಾಯಿತು. ತಣ್ಣನೆಯ ತುದಿಯಿರುವ ಯಂತ್ರವೋ, ತಂಪುಗಾಳಿ ಊದುವ ವ್ಯವಸ್ಥೆಯೋ ಇದೆಯೇ ಎಂದು ಮೊದಲೇ ವಿಚಾರಿಸಿ. ಹಿಂದಿನ ದಿನ ಕೂದಲನ್ನು ನುಣ್ಣಗೆ ಬೋಳಿಸಿರಬೇಕು, ಏಕೆಂದರೆ ಚರ್ಮದ ಮೇಲೆ ಉಳಿದ ಕೂದಲೇ ಸುಟ್ಟು ಉರಿಯನ್ನು ಹೆಚ್ಚಿಸುತ್ತದೆ. ವ್ಯಾಕ್ಸಿಂಗ್, ಥ್ರೆಡಿಂಗ್ ಮಾತ್ರ ಬೇಡ; ಬುಡವೇ ಇಲ್ಲದಿದ್ದರೆ ಲೇಸರ್ ಹಿಡಿಯುವುದು ಯಾವುದನ್ನು? ಕೂದಲು ತೆಳುವಾಗುತ್ತ ಹೋದಂತೆ ನೋವೂ ಇಳಿಯುತ್ತದೆ.

ನನ್ನ ಮುಂದೆ ಇಟ್ಟ ಸಮ್ಮತಿಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಓದಿ ಹೇಳುವಂತೆ ಕೇಳಲು ಸಂಕೋಚಪಡಬೇಕಿಲ್ಲ.

ಉತ್ತರ (ಮಂಜೇಶ್ವರದಿಂದ, ಚರ್ಮರೋಗ ವಿಭಾಗದ ಶುಶ್ರೂಷಕಿ)

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ, ಆದರೆ ನೋವನ್ನು ಪೂರ್ತಿ ಅಳಿಸಬೇಕೆಂಬ ಹಟ ಒಳ್ಳೆಯದಲ್ಲ. ಚರ್ಮ ಸುಡುತ್ತಿದ್ದರೆ ನಮಗೆ ಮೊದಲು ತಿಳಿಸುವುದು ನಿಮ್ಮ ನೋವೇ. ನಮ್ಮ ಕಂದು ಚರ್ಮಕ್ಕೆ ಹೆಚ್ಚು ಸುರಕ್ಷಿತವೆನಿಸಿದ, 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಆಳಕ್ಕೆ ಇಳಿಯುವುದರಿಂದ ಸಾಮಾನ್ಯವಾಗಿ ಹೆಚ್ಚು ನೋಯಿಸುತ್ತದೆ. ಆದ್ದರಿಂದ ನೋವು ಹೆಚ್ಚು ಎಂಬ ಒಂದೇ ಕಾರಣಕ್ಕೆ ಯಂತ್ರವನ್ನೋ ಕ್ಲಿನಿಕ್ಕನ್ನೋ ಬದಲಿಸಬೇಡಿ. ಚುರುಕ್ ಎಂದು ಕೂಡಲೇ ಇಳಿಯುವ ನೋವು ಸಹಜ. ತಂಪು ಇಟ್ಟ ಮೇಲೂ ಒಂದೇ ಜಾಗದಲ್ಲಿ ಉರಿ ಏರುತ್ತಿದ್ದರೆ, ಬಣ್ಣ ಬೂದಿಯಾಗುತ್ತಿದ್ದರೆ, ಬೊಬ್ಬೆ ಏಳುತ್ತಿದ್ದರೆ ತಕ್ಷಣ ನಿಲ್ಲಿಸಲು ಹೇಳಿ. ಬಿಸಿಲಿಗೆ ಕಪ್ಪಾದ ಚರ್ಮ ಲೇಸರಿನ ಶಾಖವನ್ನು ಹೆಚ್ಚು ಹೀರುವುದರಿಂದ, ಅಂಥ ಚರ್ಮವಿದ್ದಾಗ ದಿನಾಂಕವನ್ನು ಮುಂದೂಡುವುದೇ ಲೇಸು. ಮುಂಚಿತವಾಗಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳಿ, ಅವರು ಹೇಳಿದಷ್ಟೇ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕಾಲುಗಳ ವಿಚಾರವನ್ನು ಸದ್ಯಕ್ಕೆ ಬಿಟ್ಟು, ಮೇಲ್ತುಟಿಗೆ ಕ್ಲಿನಿಕ್ಕಿನಲ್ಲೇ ಮುಲಾಮು ಹಚ್ಚಲು ಕೇಳುತ್ತೇನೆ. ಜಿ6ಪಿಡಿ ಪರೀಕ್ಷೆ ನನಗೆ ಅಗತ್ಯವೇ ಎಂಬುದನ್ನೂ ವೈದ್ಯರಲ್ಲಿ ವಿಚಾರಿಸುತ್ತೇನೆ.