107 ಅಂಕ ಗಳಿಸಿದರೂ ನೇರ ಬಡ್ತಿ ಇಲ್ಲವೇ?

ಹಾಸನದ ಅಪ್ಪ:
ರೆಕ್ಸಮ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಸಾಕ್ಷ್ಯಚಿತ್ರ ನೋಡಿದಾಗಿನಿಂದ ನನ್ನ ಮಗಳು ಇಂಗ್ಲೆಂಡಿನ ಕೆಳ ದರ್ಜೆಯ ಫುಟ್‌ಬಾಲ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಅವಳ ಪ್ರಶ್ನೆಗಳಿಗೆ ಉತ್ತರಿಸಲಾಗದೆ ಇಲ್ಲಿಗೆ ಬಂದಿದ್ದೇನೆ. ‘ಲೀಗ್ ಟು’ ಎಂದರೆ ಎರಡನೇ ದರ್ಜೆಯಲ್ಲವೇ? 2023ರಲ್ಲಿ ನಾಟ್ಸ್ ಕೌಂಟಿ 107 ಅಂಕ ಗಳಿಸಿದರೂ ನೇರವಾಗಿ ಮೇಲೇರಲಿಲ್ಲವಂತೆ, ಏಕೆ?

ಟ್ರೆಂಟ್ ದಂಡೆಯವನು:
ನಾಟಿಂಗ್‌ಹ್ಯಾಮ್‌ಗೆ ಬಂದು ಹನ್ನೆರಡು ವರ್ಷವಾಯಿತು. ನದಿಯ ಆಚೆ ದಡದ ಫಾರೆಸ್ಟ್ ತಂಡವನ್ನು ಬಿಟ್ಟು ಈಚೆಯ ನಾಟ್ಸ್ ಕೌಂಟಿಗೆ ಅಂಟಿಕೊಂಡವನು ನಾನು. ಆದ್ದರಿಂದ ನನ್ನ ಉತ್ತರದಲ್ಲಿ ಸ್ವಲ್ಪ ಪಕ್ಷಪಾತವಿರುತ್ತದೆ, ಸಹಿಸಿಕೊಳ್ಳಿ.

ಹೆಸರನ್ನು ನಂಬಬೇಡಿ. ಪ್ರೀಮಿಯರ್ ಲೀಗ್, ಚಾಂಪಿಯನ್‌ಶಿಪ್, ಲೀಗ್ ಒನ್, ಆಮೇಲೆ ಲೀಗ್ ಟು. ಅಂದರೆ ಅದು ನಾಲ್ಕನೇ ದರ್ಜೆ. 24 ತಂಡಗಳು, ಪ್ರತಿ ತಂಡಕ್ಕೆ 46 ಪಂದ್ಯ. ಮೊದಲ ಮೂರು ತಂಡಗಳಿಗೆ ನೇರ ಬಡ್ತಿ. ನಾಲ್ಕರಿಂದ ಏಳನೇ ಸ್ಥಾನದವರು ಪ್ಲೇಆಫ್‌ನಲ್ಲಿ, ಅಂದರೆ ಋತುವಿನ ಕೊನೆಯ ನಾಕೌಟ್ ಪಂದ್ಯಗಳಲ್ಲಿ, ಕಾದಾಡಿದರೆ ಅವರಲ್ಲೊಬ್ಬರಿಗೆ ಅವಕಾಶ. ಕೊನೆಯ ಎರಡು ತಂಡ ಕೆಳಕ್ಕೆ.

ಆ ‘ಕೆಳಕ್ಕೆ’ ಎಂದರೆ ಐದನೇ ದರ್ಜೆಯ ನ್ಯಾಷನಲ್ ಲೀಗ್. ಅಲ್ಲಿಂದ ಬರುವ ಬಾಗಿಲು ಬಲು ಕಿರಿದು: ಚಾಂಪಿಯನ್‌ಗೆ ಮಾತ್ರ ನೇರ ಬಡ್ತಿ, ಇನ್ನೊಂದು ಸ್ಥಾನ ಪ್ಲೇಆಫ್ ಗೆದ್ದವರಿಗೆ. 2023ರಲ್ಲಿ ನಾಟ್ಸ್ ಕೌಂಟಿ, ರೆಕ್ಸಮ್ ಎರಡೂ ಅಲ್ಲೇ ಇದ್ದವು. ಆ ವರ್ಷ ರೆಕ್ಸಮ್ 111 ಅಂಕ ಗಳಿಸಿಬಿಟ್ಟಿತು. ನಮ್ಮವರು 117 ಗೋಲು ಹೊಡೆದೂ ಎರಡನೆಯವರು. 84 ಅಂಕದ ಚೆಸ್ಟರ್‌ಫೀಲ್ಡ್ ತಂಡದ ಜೊತೆ ಲಂಡನ್ನಿನ ವೆಂಬ್ಲಿ ಮೈದಾನದ ಪ್ಲೇಆಫ್ ಫೈನಲ್‌ನಲ್ಲಿ ಮತ್ತೆ ಸೊನ್ನೆಯಿಂದ ಆರಂಭಿಸಬೇಕಾಯಿತು. 23 ಅಂಕಗಳ ಅಂತರ ಗಾಳಿಗೆ ಹೋಯಿತು. ಇದನ್ನು ನ್ಯಾಯವೆಂದು ಒಪ್ಪಲು ನನಗೆ ಇಂದಿಗೂ ಆಗಿಲ್ಲ.

ಅದಕ್ಕೂ ಮೊದಲಿನ ಸೆಮಿಫೈನಲ್ ನಮ್ಮ ಮೆಡೋ ಲೇನ್ ಮೈದಾನದಲ್ಲೇ ಇತ್ತು. ಎದುರಾಳಿ ಬೋರಮ್ ವುಡ್ ಎರಡು ಗೋಲು ಮುಂದಿದ್ದಾಗ ನಾನು ಚೀಲ ಹೆಗಲಿಗೇರಿಸಿದ್ದೆ. ಪಕ್ಕದ ಅಜ್ಜ ಬಾಯಿ ಬಿಡಲಿಲ್ಲ, ನನ್ನ ಕೋಟಿನ ತೋಳು ಹಿಡಿದು ಕೂರಿಸಿದರು. ಹೆಚ್ಚುವರಿ ಸಮಯದ ಕೊನೆಗೆ ನಮ್ಮ ಆಟಗಾರ ಜೋಡಿ ಜೋನ್ಸ್ ಹೊಡೆದ ಗೋಲಿನಿಂದ 3-2. ಅಜ್ಜನ ಥರ್ಮಾಸ್ ಉರುಳಿ ಚಹಾ ಎಲ್ಲ ನನ್ನ ಬೂಟಿನ ಮೇಲೆ!

ಇನ್ನೊಂದನ್ನು ಮಗಳಿಗೆ ಹೇಳಿ. ಏಪ್ರಿಲ್‌ನಲ್ಲಿ ರೆಕ್ಸಮ್ ವಿರುದ್ಧ ಕೊನೆಯ ಗಳಿಗೆಯಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತ್ತು. ನಮ್ಮ ಸೆಡ್ವಿನ್ ಸ್ಕಾಟ್ ಒದ್ದ ಚೆಂಡನ್ನು ಅವರ ಗೋಲ್‌ಕೀಪರ್ ಬೆನ್ ಫಾಸ್ಟರ್ ತಡೆದರು, ಪಂದ್ಯ ಸೋತೆವು. ವೆಂಬ್ಲಿಯ ಶೂಟೌಟ್‌ನಲ್ಲಿ ಗೆಲುವಿನ ಪೆನಾಲ್ಟಿ ಒದೆಯಲು ಬಂದವರು ಅದೇ ಸ್ಕಾಟ್. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಗೋಲಾದದ್ದು ಸದ್ದಿನಿಂದಲೇ ಗೊತ್ತಾಯಿತು.

ಹಳೇ ರೆಫರಿ:
ಇದನ್ನೇ ಕಿರಿದು ಎನ್ನುತ್ತೀರಾ? 1987ಕ್ಕೆ ಮೊದಲು ಬಾಗಿಲೇ ಇರಲಿಲ್ಲ. ನಾಲ್ಕನೇ ದರ್ಜೆಯ ಕೊನೆಯ ಸ್ಥಾನದ ತಂಡಗಳು ಅಲ್ಲೇ ಉಳಿಯಲು ಮರು ಆಯ್ಕೆಗೆ ಅರ್ಜಿ ಹಾಕಬೇಕಿತ್ತು, ಉಳಿದ ಕ್ಲಬ್‌ಗಳು ಮತ ಹಾಕುತ್ತಿದ್ದವು. ಪರಿಚಯದವರನ್ನು ಯಾರು ಹೊರಗೆ ಹಾಕುತ್ತಾರೆ ಹೇಳಿ! ನೇರ ಬಡ್ತಿ ಬಂದ ಮೊದಲ ವರ್ಷ ಸ್ಕಾರ್ಬರೊ ಮೇಲೇರಿತು, ಲಿಂಕನ್ ಸಿಟಿ ಕೆಳಗಿಳಿಯಿತು. ಬಡ್ತಿಗೆ ಎರಡನೆಯ ಸ್ಥಾನವನ್ನು ಪ್ಲೇಆಫ್ ಗೆದ್ದವರಿಗೆ ಕೊಟ್ಟದ್ದು 2003ರಲ್ಲಿ.

ಕಂಠೀರವ ಗ್ಯಾಲರಿ:
ನಮ್ಮ ಭಾರತದಲ್ಲಿ ಎರಡನೇ ದರ್ಜೆಯ ಐ-ಲೀಗ್ ಗೆದ್ದು, ಮೇಲಿನ ದರ್ಜೆಯ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಡ್ತಿ ಪಡೆದ ಮೊದಲ ತಂಡ ಪಂಜಾಬ್, ಅದೂ 2023ರಲ್ಲಿ. ಆ ವರ್ಷ ಐಎಸ್‌ಎಲ್‌ನಿಂದ ಯಾರೂ ಕೆಳಗಿಳಿಯಲಿಲ್ಲ. ಆಗ ಏಣಿ ಇತ್ತು, ಜಾರುಬಂಡೆ ಇರಲಿಲ್ಲ.

ಹಾಸನದ ಅಪ್ಪ:
ಎಲ್ಲವನ್ನೂ ಓದಿ ಹೇಳಿದೆ. ಈಗ ಅವಳಿಗೆ ಚೆಸ್ಟರ್‌ಫೀಲ್ಡ್ ಮೇಲೆ ಮರುಕ. ಅವರ ಗತಿ ಏನಾಯಿತು?

ಟ್ರೆಂಟ್ ದಂಡೆಯವನು:
ಮರುವರ್ಷವೇ ಚಾಂಪಿಯನ್ ಆಗಿ ಮೇಲೆ ಬಂದರು. ಪ್ಲೇಆಫ್‌ನ ಗೊಡವೆಗೇ ಹೋಗಲಿಲ್ಲ, ಜಾಣರು.